ಬೀಳು, ಬಂಜರು, ಹುಲ್ಲುನೆಲ: ರಾಣೆಬೆನ್ನೂರು ಸೀಮೆಯ ಜೀವ-ಅಜೀವ ಸಂಬಂಧಗಳು

ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ‘ಇಕಾಲಜಿ’ ಎಂಬ ಪದವನ್ನು ಟಂಕಿಸಿದಾಗ, ಜೀವಿಗೂ ಅದರ ಸುತ್ತಲಿನ ಜಗತ್ತಿಗೂ ಇರುವ ಸಂಬಂಧದ ಅಧ್ಯಯನವೆಂಬುದು ಆ ಪದದ ಅರ್ಥವಾಗಿತ್ತು. 1935ರಲ್ಲಿ ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಜೀವಿಗಳನ್ನು ಅವು ಬದುಕುವ ಮಣ್ಣು, ನೀರು, ಹವೆಗಳಿಂದ ಬೇರ್ಪಡಿಸಿ ನೋಡಲಾಗದು, ಇವೆಲ್ಲ ಸೇರಿ ಒಂದೇ ವ್ಯವಸ್ಥೆ ಎಂದು ಪ್ರತಿಪಾದಿಸಿದನು. ಕನ್ನಡದಲ್ಲಿ ಇದನ್ನು ‘ಪರಿಸರ ವ್ಯವಸ್ಥೆ’ ಎಂದು ಕರೆಯುವುದು ರೂಢಿ. ನಮ್ಮ ಪಠ್ಯಪುಸ್ತಕಗಳು ಈ ವ್ಯವಸ್ಥೆಯನ್ನು ವಿವರಿಸುವಾಗ ಸಾಮಾನ್ಯವಾಗಿ ಕೆರೆಯನ್ನೋ ದಟ್ಟ ಕಾಡನ್ನೋ ಉದಾಹರಿಸುತ್ತವೆ. ಮೇಲುನೋಟಕ್ಕೆ ಏನೂ ಇಲ್ಲವೆಂದು ತೋರುವ ಬಯಲು ಅಲ್ಲಿ ಬರುವುದು ವಿರಳ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹುಲ್ಲುನೆಲಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ.

ಮೊದಲಿಗೆ ಪದಗಳ ವಿಚಾರ. ಈ ಭಾಗದ ರೈತನು ಹೊಲವನ್ನು ‘ಬೀಳು ಬಿಟ್ಟಿದ್ದೇನೆ’ ಎಂದರೆ ಅದು ಕಾಲಸೂಚಕವಾದ ಮಾತು. ಈ ವರ್ಷ ಬಿತ್ತಿಲ್ಲ, ಮುಂದೆ ಬಿತ್ತಬಹುದು ಎಂದಷ್ಟೇ ಅದರ ಅರ್ಥ. ಆದರೆ ಆಡಳಿತದ ಭಾಷೆಯಲ್ಲಿ ಬಳಕೆಯಾಗುವ ‘ಬಂಜರು’ ಎಂಬ ಪದವು ನೆಲದ ಸ್ವಭಾವವನ್ನೇ ನಿರ್ಧರಿಸಿಬಿಡುತ್ತದೆ. ಭಾರತದ ಬಂಜರು ಭೂಮಿಯ ಅಧಿಕೃತ ನಕಾಶೆಗಳಲ್ಲಿ ಕುರುಚಲು ಬಯಲುಗಳು ಇಂದಿಗೂ ಸೇರಿಕೊಂಡಿವೆ. ಬೆಳೆ ಇಲ್ಲದ, ಮರ ಇಲ್ಲದ ನೆಲದಲ್ಲಿ ಏನೂ ನಡೆಯುತ್ತಿಲ್ಲವೆಂಬ ಗ್ರಹಿಕೆ ಇದರ ಹಿಂದಿದೆ. ವಾಸ್ತವವಾಗಿ ಅಲ್ಲಿ ನಡೆಯುವುದೇನು?

ಹಾವೇರಿ ಜಿಲ್ಲೆಯ ಪಶ್ಚಿಮದ ಹಾನಗಲ್ಲ ಮಲೆನಾಡಿನ ಸೆರಗಿನಲ್ಲಿದ್ದರೆ, ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖವಾಗಿ ರಾಣೆಬೆನ್ನೂರಿನ ಹೊತ್ತಿಗೆ ಅಪ್ಪಟ ಬಯಲುಸೀಮೆ ಎದುರಾಗುತ್ತದೆ. ಇಲ್ಲಿ ಎರೆ ಮತ್ತು ಮಸಾರಿ ಎಂಬ ಎರಡು ಬಗೆಯ ನೆಲಗಳಿವೆ. ಕಪ್ಪಾದ ಎರೆಯು ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆ ಬಿರುಕುಗಳಿಗೆ ತರಗು, ಹುಲ್ಲಿನ ಚೂರು, ಮೇಲ್ಮಣ್ಣು ಬಿದ್ದು, ಮಳೆ ಬಂದಾಗ ಒಳಗೇ ಮುಚ್ಚಿಹೋಗುತ್ತವೆ. ಅಂದರೆ ಈ ಮಣ್ಣು ತನ್ನನ್ನು ತಾನೇ ಉಳುತ್ತದೆ. ಇದನ್ನು ಅಜೀವ ವಸ್ತುವಿನ ಯಾಂತ್ರಿಕ ಕ್ರಿಯೆ ಎಂದು ಹೇಳಿ ಮುಗಿಸುವಂತಿಲ್ಲ. ಒಳಗೆ ಹೋದ ತರಗನ್ನು ಕೊಳೆಸಿ ಸಸ್ಯಗಳಿಗೆ ಉಣ್ಣಲು ಬರುವಂತೆ ಮಾಡುವುದು ಸೂಕ್ಷ್ಮಜೀವಿಗಳು. ಮುಂಗಾರಿನ ಮೊದಲ ಹನಿಗಳಿಗೆ ನೆಲದಿಂದೇಳುವ ವಾಸನೆಯನ್ನು ನಾವು ಮಣ್ಣಿನ ವಾಸನೆ ಎನ್ನುತ್ತೇವೆ. ಅದರ ಮುಖ್ಯ ಅಂಶವಾದ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವುದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು. ನಿರ್ಜೀವವೆಂದು ಭಾವಿಸಿದ ಮಣ್ಣಿನ ಗುರುತೇ ಜೀವಿಗಳದು.

ಹುಲ್ಲಿನ ಕೆಲಸವೂ ಬಹುಮಟ್ಟಿಗೆ ನೆಲದ ಕೆಳಗಿನದು. ಮರವು ತನ್ನ ಸಂಪತ್ತನ್ನು ಕಾಂಡದಲ್ಲಿ ಕೂಡಿಡುತ್ತದೆ, ಹುಲ್ಲು ಬೇರಿನಲ್ಲಿ. ಬೇಸಿಗೆಯಲ್ಲಿ ಮೇಲ್ಭಾಗ ಒಣಗಿದರೂ ಜಾಲದಂತಹ ಬೇರು ಮಣ್ಣನ್ನು ಹಿಡಿದಿಟ್ಟು, ಮಳೆನೀರು ಹರಿದುಹೋಗದೆ ಇಂಗಲು ದಾರಿ ಮಾಡುತ್ತದೆ. ಒಣಗಿದ ಹುಲ್ಲನ್ನು ಗೆದ್ದಲು ಒಳಕ್ಕೊಯ್ಯುತ್ತದೆ. ಹಸಿ ಹುಲ್ಲನ್ನು ಮೇಯುವ ಕೃಷ್ಣಮೃಗವೂ ಕುರಿಯೂ ಅದನ್ನು ಹಿಕ್ಕೆಯಾಗಿ ಮರಳಿಸುತ್ತವೆ. ಕುರಿಗಾರನ ಪಾತ್ರ ಇಲ್ಲಿ ಗಮನಾರ್ಹ. ಬಯಲಿನಲ್ಲಿ ಮೇದ ಹಿಂಡನ್ನು ಸುಗ್ಗಿಯ ನಂತರ ಹೊಲಗಳಲ್ಲಿ ರಾತ್ರಿ ನಿಲ್ಲಿಸಿ ಗೊಬ್ಬರ ಪಡೆಯುವುದು ಈ ಭಾಗದ ಹಳೆಯ ಪದ್ಧತಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದುದು. ಅದರ ಮಳೆಯಾಶ್ರಿತ ಬೆಳೆ ನಿಂತಿರುವುದು ಎರೆಯು ಹಿಡಿದಿಟ್ಟ ಹಸಿಯ ಮೇಲೆ. ಕುರಿ ನಿಲ್ಲಿಸಿದ ಎರೆಹೊಲದಲ್ಲಿ ಅಂತಹ ಬೆಳೆಗೆ ಸಿಗುವ ಸತ್ವದಲ್ಲಿ, ದಾಖಲೆಯಲ್ಲಿ ಬಂಜರೆನಿಸಿಕೊಂಡ ನೆಲದ ಪಾಲೂ ಇದೆ.

ಈ ಸಂಬಂಧಜಾಲ ಸಡಿಲಗೊಂಡುದು ಬಯಲಿಗೆ ನೀಲಗಿರಿ ಬಂದಾಗ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರ ಬಹುಭಾಗವನ್ನು ಆವರಿಸಿರುವುದು ನೀಲಗಿರಿ ನೆಡುತೋಪು. ಬಯಲಿನ ಪ್ರಾಣಿಗೆ ಮೀಸಲಾದ ಜಾಗವನ್ನು ಮರ ತುಂಬಿದೆ ಎಂಬುದು ವಿಪರ್ಯಾಸವೇ ಸರಿ. ಇದರ ಪರಿಣಾಮ ಎಲ್ಲ ಜೀವಿಗಳ ಮೇಲೂ ಒಂದೇ ರೀತಿ ಆಗಲಿಲ್ಲವೆಂಬುದನ್ನೂ ಒಪ್ಪಬೇಕು. ಬೇಟೆಯಿಂದ ರಕ್ಷಣೆ ದೊರೆತ ಕೃಷ್ಣಮೃಗಗಳು ಸಾವಿರಗಳ ಲೆಕ್ಕಕ್ಕೆ ಬೆಳೆದವು. ತೋಪು ಎಳೆಯದಾಗಿ ಸಾಲುಗಳ ನಡುವೆ ಬಿಸಿಲು ಬೀಳುವವರೆಗೆ ಅಲ್ಲಿ ಹುಲ್ಲು ಇದ್ದೇ ಇರುತ್ತದೆ. ತೋಪು ಬಲಿತಂತೆ ನೆರಳು, ನೀರಿಗಾಗಿ ಬೇರುಗಳ ಪೈಪೋಟಿ, ಬೇಗ ಕೊಳೆಯದ ಎಣ್ಣೆಯಂಶದ ಎಲೆ ಇವೆಲ್ಲ ಸೇರಿ ಹುಲ್ಲು ಹಿಂದೆ ಸರಿಯುತ್ತದೆ. ಎರೆಭೂತವೆಂದೂ ಕನ್ನಡಿಗರು ಕರೆಯುವ ಭಾರಿ ಗಾತ್ರದ ಬಸ್ಟರ್ಡ್ ಹಕ್ಕಿಗೆ ಆ ಅವಕಾಶವೂ ಇರಲಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಈ ಹಕ್ಕಿಗೆ ದೂರದವರೆಗೆ ಕಣ್ಣು ಹಾಯುವ ಬಯಲೇ ಬೇಕು. ಹಿಂದೆ ರಾಣೆಬೆನ್ನೂರಿನಲ್ಲಿ ಕಾಣಸಿಗುತ್ತಿದ್ದ ಅದು ಈಗ ಅಲ್ಲಿಲ್ಲ. ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿವೆ. ಹೆಸರಿನಲ್ಲೇ ಮಣ್ಣನ್ನು ಹೊತ್ತ ಹಕ್ಕಿ, ಆ ಮಣ್ಣಿನ ಮೇಲ್ಮೈ ಬದಲಾದಾಗ ಇಲ್ಲವಾಯಿತು.

ಜನಸಾಮಾನ್ಯರು ಇದನ್ನು ಮೌನವಾಗಿ ನೋಡುತ್ತ ಕೂರಲಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ಸ್ ಸಂಸ್ಥೆಯನ್ನು ಸ್ಥಾಪಿಸಿದವು. ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನು ಹಳ್ಳಿಗಳ ಸಾಮುದಾಯಿಕ ಭೂಮಿಯಲ್ಲಿ ಬೆಳೆಯುವುದು ಅದರ ಯೋಜನೆ. ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತ ಮೊದಲಾದವರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕೂಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು, ಮೇವು-ಹಣ್ಣುಗಳಿಗೆ ಒದಗುವ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂಬುದು ಆ ಸತ್ಯಾಗ್ರಹದ ಹೆಸರು. ಇಲ್ಲಿನ ಆಡುಮಾತಿನಲ್ಲಿ ಸಸಿ ಹಚ್ಚುವುದೆಂದರೆ ನೆಡುವುದು. 1990ರ ದಶಕದ ಆರಂಭದಲ್ಲಿ ಆ ಸಂಸ್ಥೆ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು ಮೂರು ದಶಕಗಳ ನಂತರ, 2017ರಲ್ಲಿ.

ತೋಪಿನೊಳಗೆ ಹುಲ್ಲು ತೆಳುವಾದಾಗ ಕೃಷ್ಣಮೃಗಗಳು ಸುತ್ತಲಿನ ಹೊಲಗಳತ್ತ ಹೊರಳಿದವು. ಬಿತ್ತನೆಯ ದಿನಗಳಲ್ಲಿ ಎಳೆಯ ಗೋವಿನಜೋಳದ ಮೊಳಕೆಗೆ ಅವು ಹಿಂಡುಗಟ್ಟಿ ಬರುತ್ತವೆ. ಅಭಯಾರಣ್ಯದ ಅಂಚಿನ ರೈತರು ಆ ವಾರಗಳಲ್ಲಿ ಹೊಲ ಕಾಯುತ್ತಾರೆ.