ಗೇರ್ ಬೀಳದಿದ್ದರೆ ತಪ್ಪು ಗೇರ್ ಬಾಕ್ಸಿನದೇ?

ಚೆನ್ನಾಗಿ ಓಡುತ್ತಿರುವ ಬೈಕನ್ನೇ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗೇರ್ ಪೆಡಲ್ ಒತ್ತುತ್ತ ಹೋದರೆ ಒಂದು ಸಂಗತಿ ಕಾಣುತ್ತದೆ. ಒಂದನೇ ಗೇರ್ ಬೀಳುತ್ತದೆ, ಎರಡನೆಯದೂ ಬೀಳಬಹುದು. ಮೂರಕ್ಕೆ ಬರುವಷ್ಟರಲ್ಲಿ ಪೆಡಲ್ ಅರ್ಧಕ್ಕೇ ನಿಂತುಬಿಡುತ್ತದೆ. ಎಷ್ಟು ಒತ್ತಿದರೂ ಕೆಳಗಿಳಿಯುವುದಿಲ್ಲ. ಆಗ ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಪೆಡಲ್ ಒತ್ತಿದರೆ ‘ಟಕ್’ ಎಂದು ಗೇರ್ ಕೂರುತ್ತದೆ. ಗಾಡಿಗೆ ಏನೂ ಆಗಿರಲಿಲ್ಲ. ಒಳಗಿನ ಹಲ್ಲುಗಳು ಒಂದಕ್ಕೊಂದು ಎದುರಾಗಿ ನಿಂತಿದ್ದವು, ಚಕ್ರ ತಿರುಗಿದಾಗ ಅವಕ್ಕೆ ಸಂದು ಸಿಕ್ಕಿತು.

ಇದು ಗೊತ್ತಿಲ್ಲದೆ ಗಾಬರಿಯಾದವರು ಗ್ಯಾರೇಜಿಗೆ ಹೋಗಿ ‘ಗೇರ್ ಬಾಕ್ಸ್ ಹೋಗಿದೆ’ ಎನ್ನುತ್ತಾರೆ. ಅಲ್ಲಿಂದ ಮಾತು ಎಂಜಿನ್ ಬಿಚ್ಚುವ ತನಕ ಹೋಗುತ್ತದೆ. ಆದರೆ ಗೇರ್ ಬೀಳದಿರುವುದಕ್ಕೆ, ನ್ಯೂಟ್ರಲ್ ಸಿಗದಿರುವುದಕ್ಕೆ ಕಾರಣವಾಗುವ ಹಲವು ಸಂಗತಿಗಳು ಗೇರ್ ಬಾಕ್ಸಿನ ಹೊರಗಿವೆ. ಕ್ಲಚ್ ಕೇಬಲ್, ಎಂಜಿನ್ ಆಯಿಲ್, ಪೆಡಲ್, ಚೈನ್ ಇವೆಲ್ಲ ಎಂಜಿನ್ ತೆರೆಯದೆಯೇ ನೋಡಬಹುದಾದವು. ಹುಡುಕಾಟ ಹೊರಗಿನಿಂದ ಶುರುವಾಗಿ ಒಳಗೆ ಹೋಗಬೇಕು.

ಪೆಡಲ್ ಒತ್ತಿದಾಗ ಒಳಗೆ ನಡೆಯುವುದು ಇಷ್ಟು. ಗೇರ್ ಬಾಕ್ಸಿನಲ್ಲಿ ಎರಡು ಶಾಫ್ಟುಗಳಿವೆ. ಎಂಜಿನ್ನಿನ ಬಲ ಕ್ಲಚ್ ಮೂಲಕ ಒಂದಕ್ಕೆ ಬರುತ್ತದೆ, ಇನ್ನೊಂದು ಚೈನ್ ಎಳೆಯುತ್ತದೆ. ಎರಡರ ಮೇಲಿನ ಗೇರುಗಳು ಜೋಡಿ ಜೋಡಿಯಾಗಿ ಸದಾ ಕಚ್ಚಿಕೊಂಡೇ ಇರುತ್ತವೆ. ಆದರೆ ಪ್ರತಿ ಜೋಡಿಯಲ್ಲಿ ಒಂದು ಗೇರ್ ತನ್ನ ಶಾಫ್ಟಿನ ಮೇಲೆ ಬಿಡುವಾಗಿ ಸುತ್ತುತ್ತಿರುತ್ತದೆ. ಪಕ್ಕದ ಗೇರ್ ಸರಿದು ಬಂದು, ತನ್ನ ಬದಿಯ ದಪ್ಪ ಹಲ್ಲುಗಳನ್ನು ಅದರ ಗುಳಿಗಳಿಗೆ ಸೇರಿಸಿದಾಗ ಮಾತ್ರ ಅದು ಶಾಫ್ಟಿನ ಜೊತೆ ತಿರುಗಿ ಬಲ ಸಾಗಿಸುತ್ತದೆ. ಈ ಹಲ್ಲುಗಳಿಗೆ ಮೆಕ್ಯಾನಿಕ್‌ಗಳು ‘ಡಾಗ್’ ಎನ್ನುತ್ತಾರೆ. ಗೇರನ್ನು ಸರಿಸುವುದು ಕವಲಿನಾಕಾರದ ಶಿಫ್ಟ್ ಫೋರ್ಕ್. ಫೋರ್ಕನ್ನು ಸರಿಸುವುದು ಗೀರುಗಾಲುವೆಗಳಿರುವ ಡ್ರಮ್. ಪೆಡಲ್ಲಿನ ಒಂದೊಂದು ಒತ್ತಿಗೂ ಡ್ರಮ್ ಒಂದೊಂದು ಹೆಜ್ಜೆ ತಿರುಗುತ್ತದೆ. ಅದು ಹೆಜ್ಜೆ ತಪ್ಪದಂತೆ ಸ್ಪ್ರಿಂಗಿನ ಸಣ್ಣ ರೋಲರ್ ಒತ್ತಿಹಿಡಿದಿರುತ್ತದೆ.

ಕಾರಿನ ಗೇರ್ ಬಾಕ್ಸಿನಲ್ಲಿ ಗೇರುಗಳ ವೇಗವನ್ನು ಮೊದಲು ಸಮ ಮಾಡುವ ಏರ್ಪಾಡು ಇರುತ್ತದೆ. ಸಾಮಾನ್ಯ ಬೈಕಿನಲ್ಲಿ ಅದಿಲ್ಲ. ಹಾಗಾಗಿ ನಿಂತ ಬೈಕಿಗೆ ಒಂದನೇ ಗೇರ್ ಹಾಕಿದಾಗ ಸಣ್ಣ ‘ಟಕ್’ ಸದ್ದು ಸಹಜ. ಆ ಸದ್ದು ‘ದಡ್’ ಎಂದು ದೊಡ್ಡದಾಗಿ, ಗಾಡಿ ಮುಂದಕ್ಕೆ ಜಗ್ಗಿದರೆ ಕ್ಲಚ್ ಪೂರ್ತಿ ಬಿಡಿಸುತ್ತಿಲ್ಲ ಎಂದು ತಿಳಿಯಬೇಕು.

ನ್ಯೂಟ್ರಲ್ ಸಿಗದಿರುವ ದೂರೂ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಸವಾರ ಪೆಡಲ್ ತಟ್ಟುತ್ತಾನೆ, ಗೇರ್ ಒಂದರಿಂದ ಎರಡಕ್ಕೆ ಹಾರುತ್ತದೆ. ಮತ್ತೆ ತಟ್ಟಿದರೆ ಎರಡರಿಂದ ಒಂದಕ್ಕೆ. ಒಂದು ಕೆಳಗೆ, ಉಳಿದವು ಮೇಲೆ ಎಂಬ ಜೋಡಣೆಯ ಬೈಕುಗಳಲ್ಲಿ ನ್ಯೂಟ್ರಲ್ ಇರುವುದು ಒಂದು ಮತ್ತು ಎರಡರ ನಡುವೆ, ಅರ್ಧ ಒತ್ತಿನಲ್ಲಿ. ಕ್ಲಚ್ ಪೂರ್ತಿ ಬಿಡಿಸದಿದ್ದರೆ ಡಾಗ್‌ಗಳ ಮೇಲೆ ಎಂಜಿನ್ನಿನ ಒತ್ತಡ ಉಳಿದೇ ಇರುತ್ತದೆ. ಬಿಗಿದುಕೊಂಡ ಹಲ್ಲು ಹಗುರವಾಗಿ ತಟ್ಟಿದರೆ ಸರಿಯುವುದಿಲ್ಲ, ಜೋರಾಗಿ ಒತ್ತಿದರೆ ನ್ಯೂಟ್ರಲ್ ದಾಟಿಯೇ ಹೋಗುತ್ತದೆ.

ಮೊದಲು ನೋಡಬೇಕಾದದ್ದು ಕೇಬಲ್. ಕ್ಲಚ್ ಲಿವರನ್ನು ಬೆರಳಿನಿಂದ ಹಗುರವಾಗಿ ಎಳೆದಾಗ ಬಿಗಿ ಹತ್ತುವ ಮೊದಲು ಸ್ವಲ್ಪ ದೂರ ಸಡಿಲವಾಗಿ ಚಲಿಸಬೇಕು. ಇದೇ ‘ಪ್ಲೇ’. 100 ಸಿಸಿ ಆಸುಪಾಸಿನ ಹಲವು ಬೈಕುಗಳಲ್ಲಿ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಪ್ಲೇ ಇರಬೇಕು. ಸರಿಯಾದ ಅಳತೆ ಆಯಾ ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಪ್ಲೇ ಹೆಚ್ಚಾದರೆ ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಅರ್ಧವೇ ಬಿಡಿಸುತ್ತದೆ, ಗೇರ್ ಗಟ್ಟಿಯಾಗುತ್ತದೆ. ಪ್ಲೇ ಇಲ್ಲವೇ ಇಲ್ಲ ಎನ್ನುವಷ್ಟು ಬಿಗಿದರೆ ತೊಂದರೆ ಇನ್ನೊಂದು ಬಗೆಯದು: ಕ್ಲಚ್ ಜಾರುತ್ತದೆ, ಎಂಜಿನ್ ಅರಚಿದರೂ ಗಾಡಿ ಎಳೆಯುವುದಿಲ್ಲ, ಪ್ಲೇಟುಗಳು ಸುಡುತ್ತವೆ.

ಸಣ್ಣ ಹೊಂದಾಣಿಕೆಯನ್ನು ಹ್ಯಾಂಡಲ್ ಬಳಿಯ ಅಡ್ಜಸ್ಟರಿನಲ್ಲೇ ಮಾಡಬಹುದು, ದೊಡ್ಡದನ್ನು ಎಂಜಿನ್ ಬದಿಯ ಎರಡು ನಟ್ಟುಗಳಲ್ಲಿ. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ತಿರುಗಿಸಿದಾಗ ಪ್ಲೇ ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಹಾದಿ ತಪ್ಪಿಸಿ ಹಾಕಲಾಗಿದೆ. ಲಿವರಿನ ಬಳಿಯ ರಬ್ಬರ್ ಕವರ್ ಸರಿಸಿದರೆ ಕೇಬಲ್ಲಿನ ತುದಿ, ಅಂದರೆ ನಿಪ್ಪಲ್, ಕಾಣುತ್ತದೆ. ಅಲ್ಲಿ ಒಂದೆರಡು ಎಳೆ ಕಿತ್ತು ಎದ್ದು ನಿಂತಿದ್ದರೆ ಹೊಂದಾಣಿಕೆಯ ಮಾತೇ ಬೇಡ, ಕೇಬಲ್ ಬದಲಿಸಬೇಕು. ಮಲೆನಾಡು, ಕರಾವಳಿಯ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಕೇಬಲ್ಲಿನೊಳಗೆ ನೀರಿಳಿದು ತುಕ್ಕು ಹಿಡಿಯುತ್ತದೆ. ಬಯಲುಸೀಮೆಯಲ್ಲಿ ಧೂಳು ಸೇರಿ ಒಳಗೆ ಉಜ್ಜುತ್ತದೆ. ಎರಡೂ ಕಡೆ ಲಿವರ್ ಭಾರವಾಗುವುದೇ ಮೊದಲ ಲಕ್ಷಣ.

ಕೇಬಲ್ ಸರಿಯಿದ್ದೂ ಕ್ಲಚ್ ಬಿಡಿಸುತ್ತಿಲ್ಲವೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಬೈಕನ್ನು ಡಬಲ್ ಸ್ಟ್ಯಾಂಡಿನಲ್ಲಿ ಭದ್ರವಾಗಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಒಂದನೇ ಗೇರ್ ಹಾಕಿ ಕ್ಲಚ್ ಹಿಡಿದಿರಬೇಕು. ಆಯಿಲಿನ ಅಂಟಿನಿಂದ ಹಿಂದಿನ ಚಕ್ರ ಸ್ವಲ್ಪ ಸುತ್ತುವುದು ಸಹಜ. ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿದ ಕೂಡಲೇ ಅದು ನಿಲ್ಲಬೇಕು. ನಿಲ್ಲದೆ ಎಂಜಿನ್ ಸದ್ದು ಕುಸಿದರೆ ದೋಷ ಕ್ಲಚ್ಚಿನೊಳಗಿದೆ. ಸುತ್ತುವ ಚಕ್ರ, ಚೈನ್ ಹತ್ತಿರ ಕೈ, ಪಂಚೆ, ದುಪಟ್ಟಾ ಯಾವುದೂ ಸುಳಿಯಬಾರದು.

ಕ್ಲಚ್ ತೆರೆದಾಗ ಅನುಭವಸ್ಥ ಮೆಕ್ಯಾನಿಕ್ ಎರಡು ಜಾಗ ನೋಡುತ್ತಾರೆ. ಸ್ಟೀಲ್ ಪ್ಲೇಟನ್ನು ಚಪ್ಪಟೆ ಗಾಜಿನ ಮೇಲಿಟ್ಟು, ಅಂಚಿನ ಕೆಳಗೆ ತೆಳು ಗೇಜ್ ತೂರಿಸುತ್ತಾರೆ. ಎಲ್ಲಿ ಗೇಜ್ ಒಳಹೋಗುತ್ತದೋ ಅಲ್ಲಿ ಕಾವಿಗೆ ಪ್ಲೇಟ್ ಸೊಟ್ಟಗಾಗಿದೆ. ಇನ್ನೊಂದು, ಪ್ಲೇಟುಗಳನ್ನು ಹಿಡಿದಿಡುವ ಕ್ಲಚ್ ಬಾಸ್ಕೆಟ್ಟಿನ ಅಂಚು. ಪ್ಲೇಟಿನ ಚಾಚುಗಳು ವರ್ಷಗಟ್ಟಲೆ ಬಡಿದು ಅಲ್ಲಿ ಕಚ್ಚುಗಳು ಬಿದ್ದಿರುತ್ತವೆ. ಪ್ಲೇಟುಗಳು ಆ ಕಚ್ಚುಗಳಲ್ಲಿ ಸಿಕ್ಕಿಕೊಂಡು ಬೇರ್ಪಡುವುದೇ ಇಲ್ಲ. ಇದನ್ನು ನೋಡದೆ ಬರೀ ಹೊಸ ಪ್ಲೇಟ್ ಹಾಕಿದರೆ ಹಳೆಯ ತೊಂದರೆ ಮರಳಿ ಬರುತ್ತದೆ. ಹೊಸ ಪ್ಲೇಟುಗಳನ್ನು ಜೋಡಿಸುವ ಮುನ್ನ ಆಯಿಲಿನಲ್ಲಿ ನೆನೆಸಬೇಕೆಂಬುದೂ ನೆನಪಿರಬೇಕು.

ಆಯಿಲ್ ವಿಷಯ ಬೇರೆಯೇ ಹೇಳಬೇಕು. ಬಹುತೇಕ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಅದು ಗೇರುಗಳಿಗೆ ನುಣುಪು ಕೊಡಬೇಕು, ಆದರೆ ಕ್ಲಚ್ ಪ್ಲೇಟುಗಳನ್ನು ಜಾರಿಸಬಾರದು. ಈ ಎರಡಕ್ಕೂ ಹೊಂದುವ ಆಯಿಲ್ ಯಾವುದೆಂದು ಗುರುತಿಸಲು ಜಪಾನಿನಲ್ಲಿ 1998ರಲ್ಲಿ ‘ಜಾಸೊ’ ಮಾನದಂಡ ಬಂತು. ಡಬ್ಬಿಯ ಹಿಂದೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂದಿದ್ದರೆ ಅದು ಗೇರ್ ಬೈಕಿಗೆ ತಕ್ಕದ್ದು. ‘ಎಂಬಿ’ ಎಂದಿದ್ದರೆ ಅದು ಗೇರ್ ಇಲ್ಲದ ಸ್ಕೂಟರಿನದು. ಇಂಧನ ಉಳಿಸಲೆಂದು ಜಾರುಗುಣ ಹೆಚ್ಚಿಸಿದ ಕಾರಿನ ಆಯಿಲನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರುವ ಅಪಾಯವಿದೆ.

ಹಳಸಿದ, ಕಡಿಮೆಯಾದ ಆಯಿಲಿನಿಂದ ಗೇರ್ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಆಯಿಲ್ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು ಮೊದಲ ಗೇರ್ ಜೋರಾಗಿ ಬೀಳಬಹುದು. ಎಂಜಿನ್ ಚಾಲೂ ಮಾಡುವ ಮೊದಲು ಗೇರಿನಲ್ಲಿಟ್ಟು, ಕ್ಲಚ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಪ್ಲೇಟುಗಳು ಬಿಡುತ್ತವೆ. ಮಳೆನೀರು ತುಂಬಿದ ಅಂಡರ್‌ಪಾಸಿನಲ್ಲಿ ಮುಳುಗೆದ್ದ ಬೈಕಿನ ಡಿಪ್ ಸ್ಟಿಕ್ ತೆಗೆದಾಗ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಆ ಆಯಿಲಿನಲ್ಲಿ ಗಾಡಿ ಓಡಿಸಲೇಬಾರದು. ಟೂ ಸ್ಟ್ರೋಕ್ ಗಾಡಿಗಳ ಲೆಕ್ಕ ಬೇರೆ: ಆರ್‌ಎಕ್ಸ್ 100, ಯೆಜ್ದಿಯಂಥವುಗಳಲ್ಲಿ ಎಂಜಿನ್ನಿಗೆ ಹೋಗುವ 2ಟಿ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ. 2ಟಿ ಹಾಕುತ್ತಲೇ ಇದ್ದು ಗೇರ್ ಆಯಿಲ್ ಮರೆತವರ ಗಾಡಿಯಲ್ಲಿ ಗೇರುಗಳು ಒಣಗಿ ಉಜ್ಜುತ್ತವೆ.

ಗಾಡಿ ಎಡಕ್ಕೆ ಬಿದ್ದೆದ್ದ ಮೇಲೆ ಗೇರ್ ಸರಿ ಬೀಳದಿದ್ದರೆ ಪೆಡಲನ್ನು ನೋಡಬೇಕು. ಬಾಗಿದ ಪೆಡಲ್ ಎಂಜಿನ್ ಕವರಿಗೋ ಫುಟ್‌ರೆಸ್ಟಿಗೋ ತಗಲುತ್ತಿದ್ದರೆ ಅದರ ಓಟ ಪೂರ್ತಿಯಾಗುವುದಿಲ್ಲ. ಪೆಡಲ್ ಕೂರುವ ಶಾಫ್ಟಿನ ಸಣ್ಣ ಹಲ್ಲುಗಳು ಸವೆದಿದ್ದರೆ, ಬೋಲ್ಟ್ ಸಡಿಲವಾಗಿದ್ದರೆ ಪೆಡಲ್ ಮಾತ್ರ ಅಲುಗಾಡುತ್ತದೆ, ಶಾಫ್ಟ್ ತಿರುಗುವುದಿಲ್ಲ. ಚೈನ್ ತೀರಾ ಸಡಿಲವಾದಾಗಲೂ ಗೇರ್ ಬದಲಿಸಿದೊಡನೆ ಹೊಡೆತ ಬೀಳುತ್ತದೆ, ಅದನ್ನೇ ಗೇರ್ ಬಾಕ್ಸಿನ ಸದ್ದು ಎಂದುಕೊಳ್ಳುವವರಿದ್ದಾರೆ.

ಒಳಗಿನ ದೋಷಗಳ ಗುರುತು ಬೇರೆ. ಪೆಡಲ್ ಒತ್ತಿದ ಮೇಲೆ ತಾನಾಗಿ ನಡುವಿಗೆ ಮರಳದೆ ಜೋತುಬಿದ್ದಿದ್ದರೆ ಗೇರ್ ಶಾಫ್ಟಿನ ರಿಟರ್ನ್ ಸ್ಪ್ರಿಂಗ್ ಮುರಿದಿರಬಹುದು. ಪೆಡಲ್ ಹೀಗೆ ಮರಳುವುದು ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಪೆಟ್ರೋಲ್ ಟ್ಯಾಂಕಿನ ಪಕ್ಕದ ಕೋಲನ್ನು ಕೈಯಲ್ಲಿ ಸರಿಸಿ ಗೇರ್ ಹಾಕುತ್ತಿದ್ದ ಕಾಲವಿತ್ತು. 1920ರ ದಶಕದ ಕೊನೆಗೆ ಬ್ರಿಟನ್ನಿನ ವೆಲೊಸೆಟ್ ಕಂಪನಿಯ ಹೆರಾಲ್ಡ್ ವಿಲ್ಲಿಸ್ ರೂಪಿಸಿದ ಏರ್ಪಾಡಿನಲ್ಲಿ ಕಾಲಿನ ಪೆಡಲ್ ಪ್ರತಿ ಸಲ ಒಂದೇ ಗೇರ್ ಬದಲಿಸಿ ಮೂಲ ಜಾಗಕ್ಕೆ ಮರಳತೊಡಗಿತು. ಇಂದಿನ ಬೈಕುಗಳ ಕ್ರಮವೂ ಅದೇ. ಸ್ಪ್ರಿಂಗ್ ಮುರಿದರೆ ಆ ಕ್ರಮವೇ ಕೆಡುತ್ತದೆ. ಈ ಸ್ಪ್ರಿಂಗ್ ಹಲವು ಬೈಕುಗಳಲ್ಲಿ ಕ್ಲಚ್ ಬದಿಯ ಕವರ್ ತೆಗೆದರೆ ಸಿಗುತ್ತದೆ, ಎಂಜಿನ್ ಇಬ್ಭಾಗ ಮಾಡಬೇಕಿಲ್ಲ.

ಓಡುತ್ತಿರುವಾಗ, ಅದರಲ್ಲೂ ಆಕ್ಸಿಲರೇಟರ್ ತಿರುಗಿಸಿದಾಗ, ಗೇರ್ ತಾನಾಗಿ ಕಳಚಿಕೊಳ್ಳುವುದು ಮಾತ್ರ ನಿಜವಾದ ಗೇರ್ ಬಾಕ್ಸಿನ ರೋಗ. ಡಾಗ್‌ಗಳ ಬದಿಯನ್ನು ಸಾಮಾನ್ಯವಾಗಿ ತುಸು ಒಳವಾಲಾಗಿ ಕಡೆದಿರುತ್ತಾರೆ. ಭಾರ ಬಿದ್ದಷ್ಟೂ ಅವು ಒಂದನ್ನೊಂದು ಒಳಗೆಳೆದುಕೊಳ್ಳುತ್ತವೆ. ಮೂಲೆಗಳು ಸವೆದು ದುಂಡಾದಾಗ ಅದೇ ಭಾರ ಅವನ್ನು ದೂರ ತಳ್ಳುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ನಡುವೆ ನ್ಯೂಟ್ರಲ್ ದಾಟಬೇಕಾದ್ದರಿಂದ, ಅರೆಮನಸ್ಸಿನ ಒತ್ತಿನ ಪೆಟ್ಟು ಎರಡನೇ ಗೇರಿಗೇ ಹೆಚ್ಚು. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳ ಇಳಿಜಾರಿನಲ್ಲಿ ಗೇರ್ ಕಳಚಿದರೆ ಎಂಜಿನ್ನಿನ ಹಿಡಿತ ತಪ್ಪಿ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ಸಹಿಸಿಕೊಂಡು ಓಡಿಸುವುದು ಪ್ರಾಣಕ್ಕೆ ಕುತ್ತು. ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟಿನಲ್ಲಿ ಲೋಹದ ಚೂರು ಸಿಕ್ಕರೂ ಎಂಜಿನ್ ಬಿಚ್ಚಲು ಹಿಂಜರಿಯಬಾರದು.

ಹಳೆಯ ಗಾಡಿಗಳಿಗೆ ತಮ್ಮದೇ ನಡೆಯಿದೆ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾಗಳಲ್ಲಿ ಕಿಕ್ಕರ್ ಮತ್ತು ಗೇರ್ ಪೆಡಲ್ ಎರಡೂ ಒಂದೇ. ಪೆಡಲ್ ಒತ್ತಿದಾಗ ಕ್ಲಚ್ ತಾನಾಗಿ ಬಿಡಿಸುವ ವ್ಯವಸ್ಥೆಯೂ ಇತ್ತು. ಅದರ ಹೊಂದಾಣಿಕೆ ತಪ್ಪಿದ್ದರೆ ಕೈ ಕೇಬಲ್ ಎಷ್ಟು ಸರಿ ಮಾಡಿದರೂ ಗೇರ್ ಸರಿಯಾಗದು. ಬಲಗಡೆ ಗೇರ್ ಇದ್ದ ನಾಲ್ಕು ಗೇರಿನ ಬುಲೆಟ್ಟಿಗೆ ನ್ಯೂಟ್ರಲ್ ಹುಡುಕಲೆಂದೇ ಪುಟ್ಟ ಲಿವರ್ ಇತ್ತು. ಎರಡು, ಮೂರು, ನಾಲ್ಕು ಯಾವ ಗೇರಿನಲ್ಲಿದ್ದರೂ ಕ್ಲಚ್ ಹಿಡಿದು ಅದನ್ನು ಹಿಮ್ಮಡಿಯಿಂದ ಒತ್ತಿದರೆ ಗಾಡಿ ನೇರ ನ್ಯೂಟ್ರಲ್ಲಿಗೆ ಬರುತ್ತಿತ್ತು. ಸ್ಪ್ಲೆಂಡರ್ ಓಡಿಸಿ ರೂಢಿಯಾದವರು ಪಲ್ಸರ್ ಹತ್ತಿದಾಗ ತಡವರಿಸುವುದೂ ಉಂಟು. ಮೊದಲನೆಯದರಲ್ಲಿ ಎಲ್ಲ ಗೇರುಗಳೂ ಕೆಳಗೊತ್ತು, ಎರಡನೆಯದರಲ್ಲಿ ಒಂದು ಮಾತ್ರ ಕೆಳಗೆ. ಅದು ಗಾಡಿಯ ದೋಷವಲ್ಲ, ಕಾಲಿನ ರೂಢಿ.

ಸವಾರನ ಕೆಲವು ರೂಢಿಗಳು ಮಾತ್ರ ಗಾಡಿಯನ್ನು ನಿಜವಾಗಿ ಸವೆಸುತ್ತವೆ. ಪೆಡಲ್ ಮೇಲೆ ಸದಾ ಕಾಲಿಟ್ಟರೆ ಶಿಫ್ಟ್ ಫೋರ್ಕ್ ಗೇರಿಗೆ ಒತ್ತಿಕೊಂಡೇ ಸುತ್ತಿ ಸವೆಯುತ್ತದೆ. ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ತೆವಳಿದರೆ ಪ್ಲೇಟುಗಳು ಕಾದು ಸೊಟ್ಟಗಾಗುತ್ತವೆ. ಸಿಗ್ನಲ್ ಕೆಂಪಾದದ್ದು ದೂರದಿಂದಲೇ ಕಂಡಾಗ, ಗಾಡಿ ಇನ್ನೂ ನಿಧಾನಕ್ಕೆ ಉರುಳುತ್ತಿರುವಾಗಲೇ ನ್ಯೂಟ್ರಲ್ಲಿಗೆ ತಂದುಬಿಟ್ಟರೆ ನಿಂತ ಮೇಲೆ ತಡಕಾಡುವ ಪ್ರಮೇಯವೇ ಇಲ್ಲ.

ಗ್ಯಾರೇಜಿಗೆ ಹೋದಾಗ ‘ಗೇರ್ ಪ್ರಾಬ್ಲಂ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯಲ್ಲೇ ಕೆಲಸ ಶುರುಮಾಡಬೇಕಾಗುತ್ತದೆ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಾಗಲೋ ಓಡುವಾಗಲೋ, ಯಾವ ಗೇರಿನಲ್ಲಿ, ಆಯಿಲ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು, ಗಾಡಿ ಬಿದ್ದಿತ್ತೇ ಎಂಬುದನ್ನು ಹೇಳಿ, ಅವರನ್ನೇ ಒಂದು ಸುತ್ತು ಓಡಿಸಿ ನೋಡಲು ಕೇಳಬೇಕು. ಎಂಜಿನ್ ಬಿಚ್ಚಲೇಬೇಕಾಗಿ ಬಂದರೆ ತೆಗೆದ ಗೇರ್, ಫೋರ್ಕುಗಳನ್ನು ಹೊಸದರ ಪಕ್ಕದಲ್ಲಿಟ್ಟು ತೋರಿಸಲು ಕೇಳುವುದು ಮಾಲೀಕರ ಹಕ್ಕು. ದುಂಡಾದ ಡಾಗ್, ನೀಲಿಗಟ್ಟಿದ ಫೋರ್ಕಿನ ತುದಿ ಬರಿಗಣ್ಣಿಗೇ ಕಾಣುತ್ತವೆ. ಹಳೆಯ ಭಾಗಗಳಲ್ಲಿ ಅಂಥ ಗುರುತು ಯಾವುದೂ ಇಲ್ಲದಿದ್ದರೆ, ಹೊಸವನ್ನು ಜೋಡಿಸುವ ಮುನ್ನ ಕ್ಲಚ್ ಬಾಸ್ಕೆಟ್ ಮತ್ತು ಕೇಬಲ್ಲನ್ನು ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.