ತಿಪ್ಪೆಯ ಪಕ್ಕದ ಉಮ್ಮತ್ತಿ

ಸಂಜೆ ಹೊತ್ತು ಮುಳುಗುವಾಗ ತಿಪ್ಪೆಗುಂಡಿಯ ಪಕ್ಕ ನಿಂತು ನೋಡಿ. ಹಗಲೆಲ್ಲ ಸುರುಳಿ ಸುತ್ತಿಕೊಂಡಿದ್ದ ಉಮ್ಮತ್ತಿಯ ಮೊಗ್ಗು ಮಡಿಕೆ ಮಡಿಕೆಯಾಗಿ ಬಿಚ್ಚಿ ಬಿಳಿ ತುತ್ತೂರಿಯಾಗುತ್ತದೆ. ಕತ್ತಲಾದಂತೆ ಉದ್ದ ಸೊಂಡಿಲಿನ ಪತಂಗಗಳು ಮಕರಂದಕ್ಕೆ ಬರುತ್ತವೆ. ಶಿವಪೂಜೆಗೆ ನಾವು ಕೊಯ್ಯುವುದೂ ಈ ಹೂವನ್ನೇ. ದತ್ತೂರಿ, ಮದಗುಣಿಕೆ ಎಂದೂ ಇದಕ್ಕೆ ಹೆಸರುಂಟು.

ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿಗಳ ಕುಟುಂಬದ್ದೇ ಗಿಡವಿದು. ದಟ್ಟ ಕಾಡು ಇದಕ್ಕೆ ಒಗ್ಗುವುದಿಲ್ಲ. ಬಿಸಿಲು ಬೇಕು, ಕೆದಕಿದ ನೆಲ ಬೇಕು, ಸಗಣಿ-ಗೊಬ್ಬರದ ಸಾರ ಬೇಕು. ಹಾಗಾಗಿ ರಸ್ತೆಯಂಚು, ಹಾಳುಗೋಡೆ, ಹೊಲದ ಬದು, ಹಿತ್ತಿಲು ಇದರ ನೆಲೆ. ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಮುಳ್ಳುಕಾಯಿ ಬಿರಿದರೆ ನೂರಾರು ಬೀಜ. ಅಮೆರಿಕದಲ್ಲಿ 1902ರಲ್ಲಿ ಹೂತಿಟ್ಟಿದ್ದ ಇದೇ ಕುಲದ ಒಂದು ಪ್ರಭೇದದ ಬೀಜಗಳಲ್ಲಿ ಬಹುಪಾಲು 39 ವರ್ಷಗಳ ಬಳಿಕವೂ ಮೊಳೆತವು!

ಬೇರಿನಿಂದ ಬೀಜದವರೆಗೆ ಗಿಡವೆಲ್ಲ ವಿಷ. ಅಟ್ರೊಪಿನ್, ಸ್ಕೊಪೊಲಮಿನ್ ಎಂಬ ಕ್ಷಾರಾಭಗಳು ನಮ್ಮ ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನ್ ಮುಟ್ಟಬೇಕಾದ ಜಾಗವನ್ನು ತಾವೇ ಆಕ್ರಮಿಸುತ್ತವೆ. ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಮೈ ಸುಡುತ್ತದೆ, ಪಾಪೆ ಹಿಗ್ಗಿ ಬೆಳಕು ಚುಚ್ಚುತ್ತದೆ, ಎದೆ ಡವಗುಟ್ಟುತ್ತದೆ. ಆಮೇಲೆ ಬಡಬಡಿಕೆ, ಇಲ್ಲದ್ದನ್ನು ಹಿಡಿಯಲು ಹೋಗುವ ಭ್ರಮೆ. 1676ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ಇದರ ಸೋದರ ಗಿಡವನ್ನು ಸೊಪ್ಪೆಂದು ಬೇಯಿಸಿ ತಿಂದ ಬ್ರಿಟಿಷ್ ಸೈನಿಕರು 11 ದಿನ ಬುದ್ಧಿ ತಪ್ಪಿದ್ದರೆಂದು ಬಳಿಕ ಬರೆದ ಚರಿತ್ರೆ ಹೇಳುತ್ತದೆ.

ನನ್ನನ್ನು ಹೆಚ್ಚು ಹೆದರಿಸುವುದು ಬೀಜ. ಅದು ಮೆಣಸಿನಕಾಯಿ ಬೀಜವನ್ನೇ ಹೋಲುತ್ತದೆ. ಅಂಗೈಯಲ್ಲಿಟ್ಟು ನೋಡಿದರೆ ಮೆಣಸಿನದು ತಿಳಿಹಳದಿ, ನುಣುಪು. ಉಮ್ಮತ್ತಿಯದು ಕಂದು, ಮೈಮೇಲೆ ಸಣ್ಣ ಸಣ್ಣ ಕುಳಿ. ಹಿಂದೆ ದಾರಿಗಳ್ಳರು ಪ್ರಯಾಣಿಕರ ಊಟಕ್ಕೆ ಬೆರೆಸುತ್ತಿದ್ದುದು ಇದನ್ನೇ.

ಇಷ್ಟಾದರೂ ಈ ಗಿಡವನ್ನು ಬರೀ ಶತ್ರುವೆನ್ನಲಾರೆ. ಸಾವಯವ ರಂಜಕದ ಕೀಟನಾಶಕ ಮೈಸೇರಿದ ರೈತನ ಒಡಲಲ್ಲಿ ಅಸಿಟೈಲ್‌ಕೋಲಿನ್ ಮಿತಿಮೀರಿ, ಶ್ವಾಸನಾಳದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆಗ ವೈದ್ಯರು ಮೊದಲು ಚುಚ್ಚುವ ಮದ್ದು ಅದೇ ಅಟ್ರೊಪಿನ್. ಆದರೆ ಅದು ಅಳತೆ ಗೊತ್ತಿರುವ ಶುದ್ಧ ಔಷಧ. ಗಿಡದಲ್ಲಿ ವಿಷದ ಪ್ರಮಾಣ ಎಲೆಯಿಂದ ಎಲೆಗೆ, ಕಾಯಿಂದ ಕಾಯಿಗೆ ಬೇರೆ. ಮನೆಮದ್ದಿಗೆ ಅದನ್ನು ನೆಚ್ಚಲೇಬಾರದು.

ಮಗುವೇನಾದರೂ ತಿಂದಿದ್ದರೆ ಮಜ್ಜಿಗೆ, ಹುಣಸೆನೀರು ಕುಡಿಸುತ್ತ ಹೊತ್ತು ಕಳೆಯಬೇಡಿ. ಗಿಡದ ಒಂದು ಟೊಂಗೆ ಮುರಿದುಕೊಂಡು ನೇರ ಆಸ್ಪತ್ರೆಗೆ ಹೊರಡಿ.