ಹೊಟ್ಟೆಯೊಳಗೆ ಬಿಸಿ ಮದ್ದು: ಜಮೀನು ಮಾರುವ ಮುನ್ನ ಕೇಳಿ ತಿಳಿಯಿರಿ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹೆಂಗಸರಿಗೆ ಹೊಟ್ಟೆ ಉಬ್ಬರಿಸಿತೆಂದರೆ "ಏನೋ ವಾಯು ಕಣವ್ವ, ಓಮಿನ ಕಷಾಯ ಕುಡಿ" ಎಂಬ ಮಾತೇ ಮೊದಲು. ವಾರಗಟ್ಟಲೆ ಉಬ್ಬರ ಇಳಿಯದೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗಿ, ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯುವುದುಂಟು. ಅಷ್ಟರಲ್ಲಿ ರೋಗ ಹೊಟ್ಟೆಯ ಒಳಪದರಕ್ಕೆ ಹಬ್ಬಿರುತ್ತದೆ.

ಆಗ ಕಿವಿಗೆ ಬೀಳುವ ಹೆಸರು 'ಹೈಪೆಕ್'. "ಬಿಸಿ ಮದ್ದು ಬಿಟ್ಟು ಹೊಟ್ಟೆ ತೊಳೀತಾರಂತೆ, ಪೂರ್ತಿ ವಾಸಿಯಂತೆ" ಎಂದು ಯಾರಾದರೂ ಅಂದರೆ ಸಾಕು, ಮಗ್ಗವೋ ಜಮೀನೋ ಮಾರಲು ಮನೆಮಂದಿ ಹಿಂದುಮುಂದು ನೋಡುವುದಿಲ್ಲ.

ಏನಿದು ಚಿಕಿತ್ಸೆ? ಮೊದಲು ದೊಡ್ಡ ಆಪರೇಷನ್. ಕಣ್ಣಿಗೆ ಕಾಣುವ ಗಡ್ಡೆಗಳನ್ನೆಲ್ಲ ತೆಗೆಯುತ್ತಾರೆ. ಬಳಿಕ ಕ್ಯಾನ್ಸರ್ ಮದ್ದನ್ನು 41ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಯಂತ್ರದ ಮೂಲಕ ಹೊಟ್ಟೆಯೊಳಗೆ ಸುಮಾರು ಒಂದರಿಂದ ಒಂದೂವರೆ ಗಂಟೆ ಹರಿಸುತ್ತಾರೆ. ಕಣ್ಣಿಗೆ ಕಾಣದ ಕಣಗಳಿಗೆ ಮದ್ದು ನೇರವಾಗಿ ತಾಗುತ್ತದೆ. ಶಾಖದಿಂದ ಅದರ ಕಸುವೂ ಹೆಚ್ಚುತ್ತದೆ. ಬೆಂಗಳೂರಿನಲ್ಲಿ 2010ರ ದಶಕದಲ್ಲೇ ಮಣಿಪಾಲ್ ಆಸ್ಪತ್ರೆಯ ಡಾ. ಎಸ್.ಪಿ. ಸೋಮಶೇಖರ್ ಮತ್ತು ಸಂಗಡಿಗರು ಇದನ್ನು ಮಾಡಿ ವರದಿ ಪ್ರಕಟಿಸಿದ್ದಾರೆ.

ಆದರೆ ಇದು ಸರ್ವರೋಗಕ್ಕೂ ಸಂಜೀವಿನಿಯಲ್ಲ. ಮುಂದುವರಿದ ಅಂಡಾಶಯ ಕ್ಯಾನ್ಸರಿನ 245 ಮಹಿಳೆಯರ ಮೇಲೆ ನಡೆದ ಅಧ್ಯಯನ 2018ರಲ್ಲಿ ನೆದರ್ಲೆಂಡ್ಸ್‌ನಿಂದ ಹೊರಬಂತು. ಬರೀ ಆಪರೇಷನ್ ಆದವರ ಮಧ್ಯಮ ಆಯಸ್ಸು 33.9 ತಿಂಗಳು, ಬಿಸಿ ಮದ್ದೂ ಪಡೆದವರದು 45.7 ತಿಂಗಳು. ಅಂದರೆ ಹೆಚ್ಚುಕಮ್ಮಿ ಒಂದು ವರ್ಷದ ಲಾಭ. ಮಕ್ಕಳಿರುವ ತಾಯಿಗೆ ಅದೇನು ಸಣ್ಣದಲ್ಲ. ಆದರೆ ಪೂರ್ತಿ ವಾಸಿ ಎಂಬ ಭರವಸೆಯೂ ಅಲ್ಲ. ದೊಡ್ಡ ಕರುಳಿನಿಂದ ಹಬ್ಬಿದ ಕ್ಯಾನ್ಸರಿನಲ್ಲಿ ಇದರಿಂದ ಆಯಸ್ಸು ಹೆಚ್ಚಲಿಲ್ಲ ಎಂದು 2021ರ ಫ್ರಾನ್ಸ್ ವರದಿ ಹೇಳಿತು. ಗಡ್ಡೆ ಪೂರ್ತಿ ತೆಗೆಯಲಾಗದವರಿಗೆ, ತೀರಾ ನಿತ್ರಾಣರಾದವರಿಗೆ ಇದು ಹೊಂದುವುದಿಲ್ಲ.

ಆದ್ದರಿಂದ ವೈದ್ಯರನ್ನು ಅಂಜದೆ ಕೇಳಿ: "ನಮ್ಮ ರೋಗಿಗೆ ಇದು ಹೊಂದುತ್ತಾ? ಗಡ್ಡೆ ಪೂರ್ತಿ ತೆಗೀಬಹುದಾ? ಖರ್ಚೆಷ್ಟು?" ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಿರಿ. ಆಯುಷ್ಮಾನ್ ಕಾರ್ಡಿನಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವುಂಟು, ಈ ಚಿಕಿತ್ಸೆಗೆ ಎಷ್ಟು ಸಲ್ಲುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮುಂಚೆಯೇ ವಿಚಾರಿಸಿ.

ಎಲ್ಲಕ್ಕಿಂತ ಮಿಗಿಲಾಗಿ, ಎರಡು ಮೂರು ವಾರ ಉಬ್ಬರ ಇಳಿಯದಿದ್ದರೆ ಕಷಾಯ ಬದಿಗಿಟ್ಟು ಆಸ್ಪತ್ರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ. ಲಕ್ಷಗಟ್ಟಲೆಯ ಬಿಸಿ ಮದ್ದಿಗಿಂತ ಹೊತ್ತಿಗೆ ಸರಿಯಾಗಿ ಮಾಡಿಸಿದ ಒಂದು ಸ್ಕ್ಯಾನಿಂಗ್ ಅಗ್ಗ.